ಸೂಳೆಕೆರೆಯ ದಾರಿಯಲ್ಲಿ

ಚನ್ನಗಿರಿ ತಾಲ್ಲೂಕಿನ ಆ ದೊಡ್ಡ ಕೆರೆಗೆ ಎರಡು ಹೆಸರು. ಕಾಗದಪತ್ರಗಳಲ್ಲಿ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ. ಬಸ್ಸಿನಲ್ಲಿ ಟಿಕೆಟ್ ಕೇಳುವ ಗಂಡಸರಿಗೆ ಇದೊಂದು ತೊಡಕೇ ಅಲ್ಲ. ಹೆಂಗಸರು, ಅದರಲ್ಲೂ ಓದಿದ ಹೆಂಗಸರು, ಒಂದು ಕ್ಷಣ ತಡೆದು ‘ಶಾಂತಿಸಾಗರ’ ಎನ್ನುತ್ತಾರೆ. ನನ್ನ ಗೆಳತಿ ತಡೆಯಲಿಲ್ಲ. ‘ಸೂಳೆಕೆರೆ, ಎರಡು ಕೊಡಿ’ ಎಂದಳು. ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿದ್ದು ಆ ಹೆಸರಿಗಲ್ಲ, ನಮ್ಮ ಬೆನ್ನುಚೀಲಗಳಿಗೆ. ‘ಗಂಡ ಮಕ್ಕಳನ್ನ ಬಿಟ್ಟು ಇಬ್ಬರೇ ಹೊಂಟೀರೇನವ್ವಾ?’ ಹೌದೆಂದೆವು. ‘ಹೋಗಿಬರ್ರಿ, ಕಾಲು ಗಟ್ಟಿ ಇರೋವಾಗಲೇ ನೋಡಬೇಕು’ ಎಂದು ಮಡಿಲಿನಿಂದ ಒಂದು ಹಿಡಿ ಮಂಡಕ್ಕಿ ಕೊಟ್ಟಳು.

ನಾಲ್ಕು ದಿನ, ಕೆರೆಯಿಂದ ಕೆರೆಗೆ, ಸಣ್ಣ ಊರುಗಳಲ್ಲಿ ಇಳಿಯುತ್ತ ಹೋಗಬೇಕೆಂಬುದು ನಮ್ಮ ಹಂಚಿಕೆ. ಮೊದಲು ಸಂತೇಬೆನ್ನೂರು. ಪಾಳೆಯಗಾರ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿ ಅಲ್ಲಿದೆ. ನಡುನೀರಿನಲ್ಲಿ ವಸಂತ ಮಂಟಪ, ಪಕ್ಕದಲ್ಲಿ ಬಿಜಾಪುರದವರ ಕಾಲದ ಮುಸಾಫಿರಖಾನೆ. ಮೆಟ್ಟಿಲುಗಳ ಮೇಲೆ ಅರ್ಧ ಗಂಟೆ ಕೂತರೆ ಎದ್ದು ಹೋಗುವ ಮನಸ್ಸಾಗದು. ಆದರೆ ಅದು ಅರಸರು ವಿಹರಿಸಲು ಕಟ್ಟಿಸಿದ ಕೊಳ. ಊರನ್ನು ಸಾಕುವ ಕೆರೆಯ ಸಂಗತಿ ಬೇರೆ.

ಸೂಳೆಕೆರೆಯ ಏರಿಯ ಮೇಲೆ ನಿಂತಾಗ ಮೊದಲು ಅಚ್ಚರಿಯಾಗುವುದು ಏರಿ ಎಷ್ಟು ಗಿಡ್ಡ ಎಂಬುದೇ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಯಲ್ಲಿ ಹರಿದ್ರಾ ಹೊಳೆಯನ್ನು ತಡೆದಿದ್ದಾರೆ. ಸಾವಿರ ಅಡಿಯೂ ಇಲ್ಲದ ಆ ಕಟ್ಟೆಯ ಹಿಂದೆ ಕಣ್ಣು ಹಾಯುವಷ್ಟು ದೂರ ನೀರು. ಸಿದ್ಧನಾಲೆ, ಬಸವನಾಲೆ ಎಂಬ ಎರಡು ಕಾಲುವೆಗಳು ಕೆಳಗಿನ ಗದ್ದೆ ತೋಟಗಳಿಗೆ ಹರಿಯುತ್ತವೆ. ಎಲ್ಲಿ ಕಟ್ಟಿದರೆ ಕಡಿಮೆ ಮಣ್ಣಿನಲ್ಲಿ ಹೆಚ್ಚು ನೀರು ನಿಲ್ಲುತ್ತದೆಂದು ನೋಡಿದ ಆ ಕಣ್ಣು ಯಾರದೋ, ಅದು ಪಳಗಿದ ಕಣ್ಣು.

ಜನ ಹೇಳುವುದು ಆ ಕಣ್ಣು ಒಬ್ಬ ಹೆಣ್ಣಿನದೆಂದು. ಲೂಯಿ ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರಿನಲ್ಲಿ, 19ನೇ ಶತಮಾನದಲ್ಲೇ, ಈ ಕತೆ ಅಚ್ಚಾಗಿದೆ. ಸ್ವರ್ಗಾವತಿ ಎಂಬ ಪಟ್ಟಣ, ಅಲ್ಲಿನ ದೊರೆ ವಿಕ್ರಮರಾಯ, ಅವನ ಮಗಳು ಶಾಂತವ್ವೆ. ಅವಳು ಸಿದ್ಧೇಶ್ವರನಿಗೆ ಮನಸೋತಳೆಂದು ತಂದೆ ಮುನಿದ. ಆ ಕಳಂಕ ತೊಳೆದುಕೊಳ್ಳಲು ಅವಳು ಕೆರೆ ಕಟ್ಟಿಸಲು ಹೊರಟಳು. ನೀರು ನಿಲ್ಲಬೇಕಾದ ಜಾಗದಲ್ಲಿ ಸೂಳೆಯರ ಕೇರಿ ಇತ್ತು. ಕೆರೆಗೆ ತಮ್ಮ ಹೆಸರಿಟ್ಟರೆ ಮಾತ್ರ ಜಾಗ ಬಿಡುತ್ತೇವೆ ಎಂದರಂತೆ ಅವರು. ಹೇಳುವ ಬಾಯಿ ಬದಲಾದಂತೆ ಕತೆಯೂ ಅಷ್ಟಿಷ್ಟು ಬದಲಾಗುತ್ತದೆ, ಈ ಕರಾರು ಮಾತ್ರ ಉಳಿದುಕೊಂಡಿದೆ.

ನನಗಂತೂ ಶಾಂತವ್ವೆಗಿಂತ ಆ ಕೇರಿಯ ಹೆಂಗಸರ ಮೇಲೆಯೇ ಗೌರವ ಹೆಚ್ಚು. ಅಣೆಕಟ್ಟಿಗಾಗಿ ಮನೆ ಮಠ ಬಿಟ್ಟುಹೋದವರನ್ನು ನಾವು ಸಾಕಷ್ಟು ಕಂಡಿದ್ದೇವೆ. ಮುಳುಗುವ ಮನೆಗೆ ಪ್ರತಿಯಾಗಿ ಹಣವಲ್ಲ, ಬಂಗಾರವಲ್ಲ, ಹೆಸರು ಕೊಡಿ ಎಂದವರನ್ನು ಕೇಳಿದ್ದುಂಟೇ? ಆ ಹೆಸರನ್ನು ಮುಚ್ಚಿ ‘ಶಾಂತಿಸಾಗರ’ ಎಂದು ಬರೆದವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಮಾನ ಮುಚ್ಚಿದೆವೆಂದೇ ಅಂದುಕೊಂಡಿರಬೇಕು. ಆದರೆ ಹೋದದ್ದು ಆ ಹೆಂಗಸರಿಗೆ ಸಿಕ್ಕಿದ್ದ ಒಂದೇ ಒಂದು ಪರಿಹಾರ.

ಈ ಮಾತಿನ ಇತಿಹಾಸವೂ ನಾವು ತಿಳಿದಷ್ಟು ಸರಳವಲ್ಲ. ಬಾದಾಮಿಯ ಬಳಿಯ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ (696–733) ಕನ್ನಡ ಶಾಸನವೊಂದಿದೆ. ಅರಸನ ಪ್ರಾಣವಲ್ಲಭೆಯಾದ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಭೂಮಿ ಕೊಟ್ಟಳೆಂದು ಅದು ಹೇಳುತ್ತದೆ. ಅವಳನ್ನು ಸೂಳೆ ಎಂದೇ ಕರೆಯುತ್ತದೆ, ಅದೂ ಗೌರವದ ಬಹುವಚನದಲ್ಲಿ. ಅವಳ ವಂಶವನ್ನು ಅಜ್ಜಿ, ತಾಯಿಯರ ಹೆಸರಿನಿಂದ ಗುರುತಿಸುತ್ತದೆ. ಇಷ್ಟಕ್ಕೇ ಆ ಕಾಲ ಸ್ವರ್ಗವಾಗಿತ್ತೆಂದು ನಾನು ಹೇಳುತ್ತಿಲ್ಲ. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವುದನ್ನು ನಿಲ್ಲಿಸಲು ಕರ್ನಾಟಕ 1982ರಲ್ಲಿ ಕಾನೂನನ್ನೇ ತರಬೇಕಾಯಿತು. ಆದರೂ ಕಲ್ಲಿನಲ್ಲಿ ಗೌರವದಿಂದ ಕೊರೆದ ಮಾತು ನಮ್ಮ ಬಾಯಲ್ಲಿ ಬೈಗುಳವಾದದ್ದು ಹೇಗೆಂದು ಯೋಚಿಸಬೇಡವೇ?

ಚನ್ನಗಿರಿಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಬೀರೂರು, ಕಡೂರು ಕಡೆಗೆ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ‘ಕೆರೆಗೆ ಹಾರ’ದ್ದೇ ಮಾತು. ನಮ್ಮ ತಲೆಮಾರಿನವರೆಲ್ಲ ಶಾಲೆಯಲ್ಲಿ ಓದಿದ, ತಾಯಂದಿರ ಬಾಯಲ್ಲಿ ಕೇಳಿದ ಹಾಡು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದರೆ ಹನಿ ನೀರು ಬರಲಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಆಹಾರ ಕೊಟ್ಟರು. ನನ್ನ ಗೆಳತಿಗೆ ಮರೆಯಲಾಗದ ಭಾಗ ಅವಳು ತವರಿಗೆ ಹೋಗುವುದು. ಅಲ್ಲಿ ಹೆತ್ತವರೆದುರು ಏನೋ ನೆಪ ಹೇಳುತ್ತಾಳೆ. ನಿಜ ಬಾಯಿಬಿಡುವುದು ಗೆಳತಿಯ ಮುಂದೆ. ಆ ಗೆಳತಿಯಾದರೂ ಹಿರಿಯರ ಮಾತಿಗೆ ಒಪ್ಪಿಕೋ ಎನ್ನುವುದಕ್ಕಿಂತ ಹೆಚ್ಚೇನೂ ಹೇಳಲಾರಳು. ‘ನಾನಾಗಿದ್ದರೆ ಚೀಲ ಕಟ್ಟು, ನಡಿ ಅಂತಿದ್ದೆ’ ಎಂದಳು ಇವಳು. ಆ ಕಾಲದಲ್ಲಿ ಎಲ್ಲಿಗೆ ನಡೆಯುವುದು ಎಂದು ನಾನು ಕೇಳಿದೆ. ಇಬ್ಬರೂ ಕಿಟಕಿಯಾಚೆ ನೋಡುತ್ತ ಕೂತೆವು.

ಹಾಗೆಂದು ಕೆರೆಗಳು ನಿಂತಿದ್ದು ಬಲಿಯಿಂದಲ್ಲ, ವ್ಯವಸ್ಥೆಯಿಂದ. ಮಳೆಗಾಲದಲ್ಲಿ ಏರಿ ಒಡೆದರೆ ಒಂದು ರಾತ್ರಿಯಲ್ಲಿ ಊರೇ ಹೋಗುತ್ತಿತ್ತು. ಅದಕ್ಕೇ ಕೆರೆ ಕಟ್ಟಿಸಿದವರಿಗೆ, ಕಾಯ್ದವರಿಗೆ, ಹೂಳೆತ್ತಿದವರಿಗೆ ಬಿತ್ತುವಟ್ಟ, ಕಟ್ಟುಗೊಡಗೆ ಎಂದು ಭೂಮಿ ಬಿಟ್ಟ ಶಾಸನಗಳು ನಾಡಿನ ತುಂಬ ಇವೆ. ತೂಬು ತೆಗೆದು ಮುಚ್ಚಿ ಗದ್ದೆಗದ್ದೆಗೆ ನೀರು ಹಂಚಲು ನೀರುಗಂಟಿ ಇದ್ದ. ಮಣ್ಣು ಅಗೆದವರ, ಬುಟ್ಟಿ ಹೊತ್ತವರ ಹೆಸರು ಮಾತ್ರ ಕಲ್ಲಿಗೆ ಏರುವುದು ಅಪರೂಪ.

ಅಂಥ ಒಬ್ಬ ನೀರುಗಂಟಿಯ ಹೆಸರು ಉಳಿದಿರುವುದು ಅಯ್ಯನಕೆರೆಯಲ್ಲಿ. ಕಡೂರಿನಿಂದ ಚಿಕ್ಕಮಗಳೂರಿನ ದಾರಿಯಲ್ಲಿ ಸಖರಾಯಪಟ್ಟಣ ಸಿಗುತ್ತದೆ. ಅಲ್ಲಿಂದ ಶಕುನಗಿರಿಯ ಬುಡಕ್ಕೆ ಹೋದರೆ ಸುತ್ತಲೂ ಬೆಟ್ಟ, ನಡುವೆ ಕೆರೆ. ನೋಡುವುದಕ್ಕೆ ಸೂಳೆಕೆರೆಗಿಂತ ಚೆಂದ. ರುಕ್ಮಾಂಗದ ರಾಯ ಕಟ್ಟಿಸಿದನೆಂದು ಐತಿಹ್ಯ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ದುರಸ್ತಿಯಾಯಿತು.

ನೀರುಗಂಟಿ ಹೊನ್ನಬಿಲ್ಲನಿಗೆ ಕೆರೆಯ ದೇವಿ ಕಾಣಿಸಿಕೊಂಡು, ಏರಿ ಒಡೆಯಲಿದೆ ಎಂದಳಂತೆ. ದೊರೆಗೆ ತಿಳಿಸಿ ಬರುತ್ತೇನೆ, ನಾನು ಬರುವತನಕ ತಡೆ ತಾಯಿ ಎಂದು ಅವನು ಬೇಡಿಕೊಂಡ. ಅವಳು ಒಪ್ಪಿದಳು. ಅವನು ಸಖರಾಯಪಟ್ಟಣಕ್ಕೆ ಓಡಿದ. ದೊರೆ ಎಲ್ಲವನ್ನೂ ಕೇಳಿ, ಇವನು ಮರಳದಿದ್ದರೆ ಕೆರೆ ಎಂದೆಂದಿಗೂ ಒಡೆಯದು ಎಂದು ಲೆಕ್ಕ ಹಾಕಿ, ಅಲ್ಲೇ ಕೊಲ್ಲಿಸಿದ. ಕೊಟ್ಟ ಮಾತಿಗೆ ಕಟ್ಟುಬಿದ್ದ ದೇವಿ ಇಂದಿಗೂ ಕಾಯುತ್ತಿದ್ದಾಳೆ ಎನ್ನುತ್ತಾರೆ.

‘ಅವನಿಗೆ ಹೆಂಡತಿ ಇದ್ದಿರಬೇಕಲ್ಲ’ ಎಂದಳು ಗೆಳತಿ, ಚಪ್ಪಲಿ ಕಳಚಿ ನೀರಿಗೆ ಕಾಲು ಇಳಿಬಿಡುತ್ತ. ಆ ಸಂಜೆ ಅವನು ಊಟಕ್ಕೆ ಬರಲಿಲ್ಲವೆಂದು ಯಾರನ್ನು ಕೇಳಿದಳೋ, ಕತೆ ಅದನ್ನು ಹೇಳುವುದಿಲ್ಲ. ಸಖರಾಯಪಟ್ಟಣಕ್ಕೆ ಹೋಗುವ ಆಟೋದವನು ಏರಿಯ ಮೇಲಿಂದ ಕೂಗುವತನಕ ನಾವು ಅವಳ ವಿಷಯವನ್ನೇ ಮಾತಾಡುತ್ತ ಕೂತಿದ್ದೆವು.