ಫಾರಂ 700ರ ಸಹಿಗಳು

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದರು. 1963ರಲ್ಲಿ ನಮ್ಮ ವಾಯುಪಡೆಗೆ ಬಂದ ವಿಮಾನ, ಬರೋಬ್ಬರಿ 62 ವರ್ಷ ದುಡಿಯಿತು! ಅವತ್ತು ಎಲ್ಲೆಡೆ ಎರಡೇ ಮಾತು. ಒಂದು, 1971ರ ಯುದ್ಧದ ಸಾಹಸ. ಇನ್ನೊಂದು, "ಹಾರುವ ಶವಪೆಟ್ಟಿಗೆ". ಇವೆರಡರ ನಡುವೆ ನೆಲದ ಮೇಲೆ ನಿಂತು ಅದನ್ನು ಹಾರಿಸಿದವರ ಸುದ್ದಿಯೇ ಇರಲಿಲ್ಲ.

ಮೊದಲು ಲೆಕ್ಕ ನೋಡಿಬಿಡೋಣ. 2012ರಲ್ಲಿ ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ, 872 ಮಿಗ್‌ಗಳ ಪೈಕಿ (ಬರೀ 21 ಅಲ್ಲ, ಬೇರೆ ಮಿಗ್‌ಗಳೂ ಸೇರಿ) 482 ಅಪಘಾತಕ್ಕೀಡಾಗಿದ್ದವು. ಸತ್ತ ಪೈಲಟ್‌ಗಳು 171, ಜನಸಾಮಾನ್ಯರು 39. ಕಾರಣಗಳು? ಮನುಷ್ಯರ ತಪ್ಪು ಮತ್ತು ತಾಂತ್ರಿಕ ದೋಷ.

ಈ "ತಾಂತ್ರಿಕ ದೋಷ" ಅನ್ನೋ ಪದ ಕೇಳಿದಾಗೆಲ್ಲ ನಮ್ಮ ದೊಡ್ಡಪ್ಪ ಸುಮ್ಮನಾಗಿಬಿಡುತ್ತಾರೆ. ಅವರು ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವರು. ಬಹಳ ವರ್ಷ ಮಿಗ್-21ರ ಜೊತೆಗೇ ಇದ್ದರು. ಅವರು ಹೇಳಿದ್ದನ್ನು ಆಗಾಗ ಬರೆದಿಟ್ಟುಕೊಂಡಿದ್ದೇನೆ.

ಮಿಗ್ ಇಳಿಯುವುದೇ ಗಂಟೆಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ. ವೇಗ ತಗ್ಗಿಸಲು ಬಾಲದಿಂದ ಪ್ಯಾರಾಚೂಟ್ ಬಿಚ್ಚಿಕೊಳ್ಳಬೇಕು. ಇಳಿದ ಮೇಲೆ ಅದನ್ನು ಎತ್ತಿ ತಂದು, ಬೇರೆಯದನ್ನು ಮಡಚಿ ತುಂಬಬೇಕು. ಬ್ರೇಕ್ ಹಿಡಿಯುವುದು ಒತ್ತಿದ ಗಾಳಿಯಿಂದ, ಆ ಸಿಲಿಂಡರ್ ತುಂಬಬೇಕು. ಆಮ್ಲಜನಕ, ಇಂಧನ, ಎಣ್ಣೆ... ಮೂತಿಯಲ್ಲೇ ಗಾಳಿ ಎಳೆಯುವ ಬಾಯಿ, ಹಾಗಾಗಿ ಒಂದು ಸಣ್ಣ ಕಲ್ಲು ಒಳಗೆ ಹೋದರೂ ಎಂಜಿನ್ನಿನ ಬ್ಲೇಡು ಹಾಳು. ಟಾರ್ಚ್ ಹಿಡಿದು ನೋಡಬೇಕು. ಒಂದು ಸ್ಪ್ಯಾನರ್ ಲೆಕ್ಕಕ್ಕೆ ಸಿಗದಿದ್ದರೆ ವಿಮಾನ ಮೇಲೇಳುವಂತಿಲ್ಲ, ಹುಡುಕುವ ತನಕ ಯಾರೂ ಮನೆಗೆ ಹೋಗುವಂತಿಲ್ಲ.

ಇದೆಲ್ಲ ಮುಗಿದ ಮೇಲೆ ಫಾರಂ 700. ಎಂಜಿನ್ನಿನವನು, ಬಾಡಿಯವನು, ವಿದ್ಯುತ್ತಿನವನು, ಹೀಗೆ ಒಬ್ಬೊಬ್ಬರೂ ತಮ್ಮ ಕೆಲಸಕ್ಕೆ ಸಹಿ ಹಾಕಬೇಕು. ಕೊನೆಗೆ ಪೈಲಟ್ ಸಹಿ ಹಾಕಿ ವಿಮಾನ ವಹಿಸಿಕೊಳ್ಳುತ್ತಾನೆ.

"ಹೋದ ವಿಮಾನ ಎಷ್ಟು ಹೊತ್ತಿಗೆ ವಾಪಸ್ ಬರಬೇಕು ಅಂತ ನಮಗೆಲ್ಲ ಗೊತ್ತಿರ್ತಿತ್ತು. ಹೊತ್ತು ಮೀರಿದ್ರೆ ಯಾರೂ ಮಾತಾಡ್ತಿರಲಿಲ್ಲ. ಬರಲ್ಲ ಅಂತಾದ್ರೆ ಮೊದಲು ಆ ಫಾರಮ್ಮಿಗೆ ಬೀಗ. ಆಮೇಲೆ ಎಲ್ಲರಿಗೂ ಒಂದೇ ಯೋಚನೆ, ಅದರಲ್ಲಿ ನನ್ನ ಸಹಿ ಇತ್ತಾ?" ಅಂತಾರೆ ದೊಡ್ಡಪ್ಪ. ಒಮ್ಮೆ ಇತ್ತಂತೆ. ತಿಂಗಳುಗಳ ವಿಚಾರಣೆ ನಡೆದು ಹಕ್ಕಿ ಬಡಿದದ್ದೇ ಕಾರಣ ಎಂದಾಯಿತು. ಆದರೆ ಆ ತಿಂಗಳುಗಳಲ್ಲಿ ತಾನು ಬಿಗಿದ ಒಂದೊಂದು ನಟ್ಟನ್ನೂ ಮನಸ್ಸಿನಲ್ಲೇ ಬಿಚ್ಚಿ ಮತ್ತೆ ಬಿಗಿದದ್ದನ್ನು ಅವರು ಇನ್ನೂ ಮರೆತಿಲ್ಲ.

ನೆಲದವರಿಂದ ತಪ್ಪೇ ಆಗಿಲ್ಲ ಅಂತ ದೊಡ್ಡಪ್ಪನೂ ಹೇಳುವುದಿಲ್ಲ. ಆದರೆ ಇತಿಹಾಸ ತೆಗೆದು ನೋಡಿದರೆ ಬೇರೆ ಸಂಗತಿಗಳೂ ಕಾಣುತ್ತವೆ. ಹೊಸ ಪೈಲಟ್‌ಗಳು ಕಿರಣ್‌ನಂಥ ನಿಧಾನದ ತರಬೇತಿ ವಿಮಾನದಿಂದ ಸೀದಾ ಮಿಗ್-21ಕ್ಕೆ ಬರುತ್ತಿದ್ದರು. ನಡುವೆ ಒಂದು ಮೇಲ್ದರ್ಜೆಯ ತರಬೇತಿ ಜೆಟ್ ಬೇಕೇ ಬೇಕು ಅಂತ ಲಾ ಫಾಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಹಾಕ್ ವಿಮಾನ ಸೇವೆಗೆ ಸೇರಿದ್ದು 2008ರಲ್ಲಿ. ಇಪ್ಪತ್ತಾರು ವರ್ಷ! 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಬಿಡಿಭಾಗಗಳಿಗೂ ಪರದಾಟವಾಯಿತು. ಇದರ ಬದಲಿಗೆ ಬರಬೇಕಿದ್ದ ತೇಜಸ್ ತಡವಾದಷ್ಟೂ ಹಳೆಯ ಮಿಗ್ಗಿನ ಆಯುಷ್ಯ ಎಳೆಯುತ್ತ ಹೋದರು.

ಈ ಇಪ್ಪತ್ತಾರು ವರ್ಷದ ತಡಕ್ಕೆ ಯಾವ ಫಾರಮ್ಮಿನಲ್ಲೂ ಯಾರ ಸಹಿಯೂ ಇಲ್ಲ. ನಟ್ಟು ಬಿಗಿದವನ ಸಹಿ ಮಾತ್ರ ಇದೆ. ನನಗೆ ಕಾಡುವುದು ಇದೇ.

ಪೈಲಟ್‌ಗಳ ಹೆಸರು ಸ್ಮಾರಕಗಳಲ್ಲಿವೆ, ಇರಲೇಬೇಕು. ನೆಲದಲ್ಲಿ ದುಡಿದವರ ನೆನಪುಗಳು ಮಾತ್ರ ಅವರ ಜೊತೆಗೇ ಹೋಗಿಬಿಡುತ್ತವೆ. ನಿಮ್ಮ ಮನೆಯಲ್ಲೋ ಪಕ್ಕದ ಬೀದಿಯಲ್ಲೋ ಇಂಥವರೊಬ್ಬರು ಇದ್ದರೆ, ಅವರು ಹೇಳುವುದನ್ನು ಕೇಳಿ ಬರೆದಿಡ್ತೀರಾ?