ಕಾರವಾರ: ಕಡಲು, ನಡುಗಡ್ಡೆ ಮತ್ತು ನೌಕಾಪಡೆ

ನರಗುಂದ, ಗಜೇಂದ್ರಗಡಗಳ ಬೆಟ್ಟದ ಕೋಟೆಗಳನ್ನು ನೋಡುತ್ತ ಬೆಳೆದವರಿಗೂ ರೋಣದ ಎರೆಭೂಮಿಯವರಿಗೂ ಕಡಲು ದೂರ. ರಜೆಗೆ ಕಾರವಾರಕ್ಕೆ ಹೊರಟವರು ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ ಹಾಗೂ ಅಂಕೋಲಾ ಮಾರ್ಗವಾಗಿ ಸಾಗಬೇಕು. ಹುಬ್ಬಳ್ಳಿ-ಅಂಕೋಲಾ ರೈಲು ದಶಕಗಳಿಂದ ಕಡತದಲ್ಲೇ ಉಳಿದಿರುವುದರಿಂದ ರಸ್ತೆಯೇ ಗತಿ. ಮಳೆಗಾಲದಲ್ಲಿ ಆ ರಸ್ತೆಯನ್ನೂ ನಂಬುವಂತಿಲ್ಲ. 2021ರ ಜುಲೈನಲ್ಲಿ ಅರಬೈಲು ಘಟ್ಟದಲ್ಲಿ ಭೂಕುಸಿತವಾಗಿ ಸಂಚಾರ ಸ್ಥಗಿತಗೊಂಡಿತ್ತು.

ಊರಿಗೆ ಅಂಟಿಕೊಂಡಿರುವ ಕಡಲತೀರಕ್ಕೆ ರವೀಂದ್ರನಾಥ ಠಾಗೋರರ ಹೆಸರಿದೆ. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ಅವರು ತಾರುಣ್ಯದಲ್ಲಿ ತಂಗಿದ್ದರು. ಇದೇ ತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯವನ್ನಾಗಿ ನಿಲ್ಲಿಸಲಾಗಿದೆ. 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ ನೌಕೆಯಿದು ಎಂಬ ಮಾತು ಪ್ರಚಲಿತವಾಗಿದೆಯಾದರೂ ಅದು ಸರಿಯಲ್ಲ. ಆ ದಾಳಿ ನಡೆಸಿದ್ದು ಸೋವಿಯತ್ ನಿರ್ಮಿತ ಇದೇ ಬಗೆಯ ಹಿಂದಿನ ಕ್ಷಿಪಣಿ ದೋಣಿಗಳು. ಚಪಲ್ ಸೇವೆಗೆ ಸೇರಿದ್ದು 1976ರಲ್ಲಿ, ನಿವೃತ್ತವಾದದ್ದು 2005ರಲ್ಲಿ. ಒಳಹೊಕ್ಕವರಿಗೆ ನಾವಿಕರು ಎಷ್ಟು ಇಕ್ಕಟ್ಟಿನಲ್ಲಿ ದಿನ ಕಳೆಯುತ್ತಿದ್ದರೆಂಬುದು ತಿಳಿಯುತ್ತದೆ.

ಕೆರಿಬಿಯನ್ ಸಮುದ್ರದ ಆಂಟಿಗುವಾ ದ್ವೀಪದಲ್ಲಿ ಬ್ರಿಟಿಷರ ಹಳೆಯ ನೌಕಾಂಗಣವೇ ಪ್ರವಾಸಿಗರ ತಾಣ; 2016ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಕಾರವಾರದ ನೌಕಾನೆಲೆಯಾದರೋ ಕಾರ್ಯನಿರತವಾದುದು. ಸೀಬರ್ಡ್ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಗಿ, ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆಯ ತೀರಗಳನ್ನು ಬಿಟ್ಟುಕೊಟ್ಟ ಮೇಲೆ 2005ರಲ್ಲಿ ಐಎನ್‌ಎಸ್ ಕದಂಬ ನೆಲೆ ಆರಂಭವಾಯಿತು. ಪೋರ್ಚುಗೀಸರು 1505ರಲ್ಲಿ ಕೋಟೆ ಕಟ್ಟಿದ್ದ ಅಂಜುದೀವ್ ದ್ವೀಪ ನೆಲೆಯ ಸುಪರ್ದಿಯಲ್ಲಿರುವುದರಿಂದ ಪ್ರವಾಸಿಗರಿಗೆ ಮುಕ್ತವಲ್ಲ. 1961ರ ಡಿಸೆಂಬರ್‌ನಲ್ಲಿ, ಗೋವಾ ವಿಮೋಚನೆಯ ವೇಳೆ, ಈ ದ್ವೀಪವನ್ನು ವಶಪಡಿಸಿಕೊಳ್ಳುವಾಗ ಭಾರತೀಯ ನೌಕಾಪಡೆಯ 7 ಮಂದಿ ಹುತಾತ್ಮರಾದರು.

ದೋಣಿಯಲ್ಲಿ ಹೋಗಬಹುದಾದ ದ್ವೀಪವೆಂದರೆ ಕೂರ್ಮಗಡ. ಅಲ್ಲಿನ ನರಸಿಂಹ ದೇವರ ಜಾತ್ರೆ ಪುಷ್ಯ ಹುಣ್ಣಿಮೆಗೆ ನಡೆಯುತ್ತದೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಮೃತಪಟ್ಟರು. ಅವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರಿದ್ದರು; ಬಯಲುಸೀಮೆಯಿಂದ ಕಡಲು ನೋಡಲೆಂದು ಬಂದವರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರೆಂದು ಆಗ ವರದಿಯಾಗಿತ್ತು. ಕೆರೆಯ ನೀರನ್ನಷ್ಟೇ ಬಲ್ಲವರಿಗೆ ಅಳಿವೆಯ ಅಲೆಗಳ ಸೆಳೆತ ಸುಲಭವಾಗಿ ಅಂದಾಜಿಗೆ ಸಿಗದು. ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇಲ್ಲದ ದೋಣಿಯನ್ನು ಹತ್ತಬಾರದು. ಮಳೆಗಾಲದಲ್ಲಂತೂ ದ್ವೀಪದ ಯೋಚನೆ ಬಿಟ್ಟು ತೀರದಲ್ಲೇ ಉಳಿಯುವುದು ಲೇಸು.