ಹೆರಿಗೆ ಆಸ್ಪತ್ರೆಯ ಪುಸ್ತಕಗಳು ತಿಳಿಸಿದ ಹೃದಯದ ಸಂಗತಿ

ಜಂಗಮಕೋಟೆಯ ಸುತ್ತಿನ ಹಳ್ಳಿಗಳಲ್ಲಿ ಐವತ್ತು ವಯಸ್ಸಿನವರೊಬ್ಬರಿಗೆ ಎದೆನೋವು ಬಂದರೆ ಮನೆಯವರಿಗೆ ಮೊದಲು ನೆನಪಾಗುವುದು ಬೆಂಗಳೂರಿನ ದೊಡ್ಡ ಆಸ್ಪತ್ರೆ. ಅಲ್ಲಿ ವೈದ್ಯರು ಬೀಡಿ ಸಿಗರೇಟಿನ ಅಭ್ಯಾಸವನ್ನು ವಿಚಾರಿಸುತ್ತಾರೆ; ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸುತ್ತಾರೆ. ಆದರೆ, ‘ನೀವು ಹುಟ್ಟಿದಾಗ ಎಷ್ಟು ತೂಕವಿದ್ದಿರಿ?’ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಈ ವಿಚಿತ್ರವಾದ ಪ್ರಶ್ನೆಯನ್ನು ಕೇಳಿ, ಅದಕ್ಕೆ ಉತ್ತರವನ್ನೂ ಹುಡುಕಿದ ಒಂದು ಸಂಶೋಧನೆ ನಮ್ಮ ಮೈಸೂರಿನಲ್ಲಿಯೇ ನಡೆದಿದೆ.

ಇದರ ಮೂಲ ಇಂಗ್ಲೆಂಡಿನಲ್ಲಿದೆ. ಅಲ್ಲಿನ ಹರ್ಟ್‌ಫರ್ಡ್‌ಷೈರ್ ಪ್ರಾಂತದಲ್ಲಿ 1911ರಿಂದ ದಾದಿಯರು ಶಿಶುಗಳ ತೂಕವನ್ನು ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಡೇವಿಡ್ ಬಾರ್ಕರ್ ಎಂಬ ವೈದ್ಯರು ಆ ಪುಸ್ತಕಗಳನ್ನು ಹಿಡಿದು, ಶಿಶುಗಳು ದೊಡ್ಡವರಾದ ಮೇಲೆ ಏನಾದರೆಂದು ಪತ್ತೆಮಾಡಿಸಿದರು. ಕಡಿಮೆ ತೂಕವಿದ್ದ ಗಂಡುಮಕ್ಕಳಲ್ಲಿ ಮುಂದೆ ಹೃದ್ರೋಗದಿಂದ ಮಡಿದವರು ಹೆಚ್ಚು ಎಂದು 1989ರಲ್ಲಿ ಪ್ರಕಟಿಸಿದರು. ಶೀತದೇಶದ ಈ ಮಾತು ನಮ್ಮ ದೇಶಕ್ಕೂ ಒಪ್ಪುವುದೇ? ಅದನ್ನು ತಿಳಿಯಲು ಇಲ್ಲಿಯೂ ಅಂಥ ಹಳೆಯ ಲೆಕ್ಕ ಬೇಕಾಗಿತ್ತು.

ಅದು ಮೈಸೂರಿನಲ್ಲಿ ದೊರೆಯಿತು. ಮಿಷನ್ ಆಸ್ಪತ್ರೆಯೆಂದು ಊರವರು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹೆರಿಗೆಯ ದಾಖಲೆಗಳು ಉಳಿದಿದ್ದವು. ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ, ಗರ್ಭಿಣಿಯಾಗಿದ್ದಾಗಿನ ತಾಯಿಯ ತೂಕ ಎಲ್ಲವೂ ಅವುಗಳಲ್ಲಿ ಸಿಕ್ಕವು. ಕ್ಯಾರೊಲಿನ್ ಫಾಲ್, ಕುಮಾರನ್ ಮೊದಲಾದ ವೈದ್ಯರು, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ಆಸ್ಪತ್ರೆಯ ಸಮೀಪದಲ್ಲೇ ವಾಸವಾಗಿದ್ದ 517 ಮಂದಿ ಸ್ತ್ರೀಪುರುಷರನ್ನು ಪರೀಕ್ಷಿಸಿದರು. ಬಾರ್ಕರರೂ ಸೇರಿದ್ದ ಈ ತಂಡದ ವರದಿ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತು.

ಹುಟ್ಟಿದಾಗ ಐದೂವರೆ ಪೌಂಡು, ಅಂದರೆ ಎರಡೂವರೆ ಕಿಲೋ, ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು. ಏಳು ಪೌಂಡಿಗೆ ಮೇಲ್ಪಟ್ಟವರಲ್ಲಿ ಅದು ನೂರಕ್ಕೆ 3 ಮಾತ್ರ. ಮಗುವೂ ಹಗುರ, ತಾಯಿಯೂ 100 ಪೌಂಡಿಗಿಂತ ಕಡಿಮೆ ಎಂಬ ಕಡೆ ಅದು ನೂರಕ್ಕೆ 20ಕ್ಕೆ ಏರಿತ್ತು. ಗರ್ಭದಲ್ಲಿ ಪೋಷಣೆ ಸಾಲದೆ ಹೋದರೆ ಶಿಶುವಿನ ಶರೀರ ಇದ್ದಷ್ಟರಲ್ಲಿ ಹೊಂದಿಕೊಂಡು ಬೆಳೆಯುತ್ತದೆ. ಆ ಹೊಂದಿಕೆಯೇ ಮುಂದೆ ತೊಡಕಾಗುತ್ತದೆ ಎಂಬುದು ಬಾರ್ಕರರ ವಾದ.

ಆದರೆ ಈ ಅಂಕಿಗಳನ್ನು ಹಣೆಬರಹವೆಂದು ಓದಬಾರದು. ರೋಗಿಗಳಾಗಿದ್ದವರು ಒಟ್ಟು 52 ಮಂದಿ. ತೂಕದ ಸಂಬಂಧ ಸ್ಪಷ್ಟವಾಗಿ ಕಂಡದ್ದು 45 ವರ್ಷ ದಾಟಿದವರಲ್ಲಿ. ಮಗು ದಪ್ಪಗಿದ್ದರೆ ಸಾಕೆಂದೂ ತಿಳಿಯಬಾರದು. ಅದೇ ಪುಸ್ತಕಗಳ ಆಧಾರದಿಂದ 1998ರಲ್ಲಿ ಬಂದ ಇನ್ನೊಂದು ವರದಿಯಂತೆ, ಉದ್ದ ಕಡಿಮೆಯಿದ್ದು ದುಂಡಗೆ ಹುಟ್ಟಿದವರಲ್ಲಿ, ಸ್ಥೂಲ ತಾಯಂದಿರ ಮಕ್ಕಳಲ್ಲಿ, ಸಕ್ಕರೆ ಕಾಯಿಲೆ ಹೆಚ್ಚಾಗಿತ್ತು. ಆ ಕಾಯಿಲೆಯೂ ಹೃದಯಕ್ಕೆ ವೈರಿಯೇ. ಆದಕಾರಣ 1997–98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರ ಸಕ್ಕರೆಯನ್ನು ಪರೀಕ್ಷಿಸಿ, ಅವರಿಗೆ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ವರ್ಷವರ್ಷವೂ ಗಮನಿಸುವ ಹೊಸ ಅಧ್ಯಯನ ಆರಂಭವಾಯಿತು.

ನಮ್ಮ ಹಳ್ಳಿಗಳಿಗೆ ಇದರಿಂದ ಏನು ಪ್ರಯೋಜನ? ಹೆಚ್ಚು ಉಂಡರೆ ಮಗು ಬೆಳೆದು ಹೆರಿಗೆ ಕಷ್ಟವಾಗುವುದೆಂದು ಬಸುರಿಯ ತುತ್ತನ್ನು ಕಡಿಮೆಮಾಡುವ ಮನೆಗಳುಂಟು. ಮನೆಮಂದಿಯೆಲ್ಲ ಎದ್ದ ಮೇಲೆ ಉಳಿದ ಸಾರು ಮುದ್ದೆಯಲ್ಲಿ ಊಟ ಮುಗಿಸುವ ಸೊಸೆಯರೂ ಉಂಟು. ಆಕೆಗೆ ಕಾಳು, ಸೊಪ್ಪು, ಹಾಲು ಸಾಕಷ್ಟು ದೊರೆತರೆ ಅದು ಐವತ್ತು ವರ್ಷಗಳಾಚೆಯ ಒಂದು ಹೃದಯಕ್ಕೂ ಒದಗೀತು. ತಾಯಿ ಕಾರ್ಡಿನಲ್ಲಿ ತೂಕ ಬರೆಯುವ ದಾದಿಯೂ ತಮ್ಮ ಕೆಲಸ ಕ್ಷುಲ್ಲಕವೆಂದು ಭಾವಿಸಬೇಕಾಗಿಲ್ಲ. 1934ರಲ್ಲಿ ಮೈಸೂರಿನ ದಾದಿಯರು ತಮ್ಮ ಬರಹ ಯಾರಿಗೆ ಬೇಕಾದೀತೆಂದು ಅರಿಯದೆಯೇ ಶ್ರದ್ಧೆಯಿಂದ ಬರೆದಿಟ್ಟಿದ್ದರು.